ಸಣ್ಣ ಗಾಡಿಯ ದೊಡ್ಡ ಕೂಗು

ನಮ್ಮ ವಾಚಕರೊಬ್ಬರು ಬರೆದ ಕಾಗದವೊಂದು ಕಳೆದ ವಾರದಿಂದ ನಮ್ಮ ಮೇಜಿನ ಮೇಲಿದೆ. ಅದನ್ನು ವಾಚಕರ ಪತ್ರಗಳ ಅಂಕಣಕ್ಕೆ ಕಳಿಸಿ ಕೈತೊಳೆದುಕೊಳ್ಳುವದು ಸುಲಭವಿತ್ತು. ಆದರೆ ಅದರಲ್ಲಿ ಎತ್ತಿದ ಪ್ರಶ್ನೆಯು ಅವರೊಬ್ಬರದಾಗಿರದೆ ರಸ್ತೆಗಿಳಿಯುವ ಪ್ರತಿಯೊಬ್ಬರದೂ ಆಗಿರುವದರಿಂದ, ಅದನ್ನು ಈ ಸ್ಥಳದಲ್ಲಿಯೇ ವಿಚಾರಿಸುವದು ಯೋಗ್ಯವೆಂದು ನಮಗೆ ತೋರಿತು. ಬರೆದವರು ಹುಬ್ಬಳ್ಳಿಯಲ್ಲಿ ವಾಸವಾಗಿದ್ದು, ಗದಗಿನ ದಾರಿಯಲ್ಲಿರುವ ಹಳ್ಳಿಯೊಂದರ ಶಾಲೆಗೆ ದಿನಾಲು ಹೋಗಿಬರುವ ಮಾಸ್ತರರು. ಎರಡು ವರುಷಗಳ ಹಿಂದೆ ಸಾಲ ತೆಗೆದು ಒಂದು ಸಣ್ಣ ಕಾರನ್ನು ಕೊಂಡರು. ಗಾಡಿ ಚೆನ್ನಾಗಿದೆ, ಎಣ್ಣೆಯ ಖರ್ಚು ಕಡಿಮೆ, ಕಂತುಗಳೂ ಸರಿಯಾಗಿ ತೀರುತ್ತಲಿವೆ. ಆದರೆ ಅದರ ಹಾರ್ನು ಮಾತ್ರ ಎಳೆಗರುವಿನ ಕೂಗಿನಂತಿದ್ದು, ಅದನ್ನು ಕೇಳಿ ದಾರಿ ಕೊಡುವವರು ಯಾರೂ ಇಲ್ಲವೆಂದು ಅವರು ಅಳಲುತ್ತಾರೆ.

ಈ ಅಳಲು ಬರಿಯ ಗೊಣಗಾಟವಲ್ಲ. ಒಂದು ಸಾಯಂಕಾಲ ಅವರು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಬರುತ್ತಿದ್ದಾಗ, ಮುಂದೆ ಹೊರಟಿದ್ದ ಲಾರಿಯನ್ನು ದಾಟುವ ಹೊತ್ತಿನಲ್ಲಿ ಆ ಲಾರಿಯು ಸೂಚನೆಯಿಲ್ಲದೆ ಬಲಕ್ಕೆ ಸರಿಯಿತು. ಇವರು ಹಾರ್ನು ಒತ್ತಿದರು. ಲಾರಿಯವನಿಗೆ ಅದು ಕೇಳಿಸಲಿಲ್ಲ. ಕಾರು ರಸ್ತೆಯನ್ನು ಬಿಟ್ಟು ಪಕ್ಕದ ಮಣ್ಣಿಗಿಳಿದು, ಕಲ್ಲುಗುಪ್ಪೆಯೊಂದರಿಂದ ಎರಡು ಮೊಳ ದೂರದಲ್ಲಿ ನಿಂತಿತು. ಮೂವರೂ ಬದುಕಿದರು. ಮಗಳು ಮಾತ್ರ ಅಂದಿನಿಂದ ಕಾರಿನ ಮುಂದಿನ ಆಸನದಲ್ಲಿ ಕೂಡ್ರಲು ಒಲ್ಲೆನೆನ್ನುತ್ತಾಳಂತೆ. ಮರುದಿನ ಮಾಸ್ತರರು ಮಿಸ್ತ್ರಿಯ ಬಳಿ ಹೋದಾಗ ಆತನು ಲಾರಿಗಳಿಗೆ ಹಾಕುವಂಥ ಪ್ರೆಶರ್ ಹಾರ್ನನ್ನು ಇದಕ್ಕೂ ಹಾಕಿಕೊಡುವೆನೆಂದೂ, ಅನಂತರ ಎದುರಿಗೆ ಆನೆ ಬಂದರೂ ಸರಿದು ನಿಲ್ಲುವದೆಂದೂ ಭರವಸೆ ಕೊಟ್ಟನು. "ಹಾಕಿಸಲೇ ಬೇಡವೇ, ತಾವೇ ಹೇಳಿರಿ" ಎಂದು ಮಾಸ್ತರರು ನಮ್ಮನ್ನು ಕೇಳಿದ್ದಾರೆ.

ಮೊದಲು ಹೇಳಬೇಕಾದ ಮಾತೆಂದರೆ, ಮಾಸ್ತರರ ದೂರು ನ್ಯಾಯವಾದದ್ದು. ನಮ್ಮ ರಸ್ತೆಗಳ ಮೇಲೆ ಇಂದು ನಡೆದಿರುವದು ಕಾಯದೆಯ ಆಡಳಿತವಲ್ಲ, ಮಾತ್ಸ್ಯನ್ಯಾಯ. ಟಿಪ್ಪರು ಬಸ್ಸನ್ನು ಲೆಕ್ಕಿಸದು. ಬಸ್ಸು ಕಾರನ್ನು ಲೆಕ್ಕಿಸದು. ದೊಡ್ಡ ಕಾರು ಸಣ್ಣ ಕಾರನ್ನೂ, ಸಣ್ಣ ಕಾರು ಸೈಕಲ್ಲನ್ನೂ ಲೆಕ್ಕಿಸವು. ಎಲ್ಲರಿಗಿಂತ ಕೆಳಗೆ, ತಲೆಯ ಮೇಲೆ ಬುಟ್ಟಿ ಹೊತ್ತು ರಸ್ತೆಯ ಅಂಚಿನಲ್ಲಿ ನಡೆದುಹೋಗುವ ಹೆಣ್ಣುಮಗಳು ಇದ್ದಾಳೆ. ಅವಳಿಗೆ ಒತ್ತಲು ಯಾವ ಗುಂಡಿಯೂ ಇಲ್ಲ. ಇಂಥ ವ್ಯವಸ್ಥೆಯಲ್ಲಿ ಸಣ್ಣವನಿಗೆ ತನ್ನ ಗಾತ್ರವನ್ನು ಹೆಚ್ಚಿಸಿಕೊಳ್ಳಲು ಸಾಧ್ಯವಿಲ್ಲದ್ದರಿಂದ ತನ್ನ ದನಿಯನ್ನಾದರೂ ಹೆಚ್ಚಿಸಿಕೊಳ್ಳೋಣವೆಂಬ ಬುದ್ಧಿ ಬರುವದು ಸ್ವಾಭಾವಿಕ. ಮಾಸ್ತರರನ್ನು ಶಬ್ದಪ್ರಿಯರೆಂದು ಹೀಗಳೆಯುವವರು, ಆ ಕಲ್ಲುಗುಪ್ಪೆಯ ಬಳಿ ನಿಂತ ಕಾರಿನಲ್ಲಿ ತಾವು ಕುಳಿತಿದ್ದರೆ ಏನು ಮಾಡುತ್ತಿದ್ದೆವೆಂದು ಯೋಚಿಸಿ ನೋಡಲಿ.

ಹಾರ್ನೆಂಬದೇ ಒಂದು ಪಾಪವೆಂಬಂತೆ ಮಾತಾಡುವ ಪಂಗಡವೊಂದು ಪಟ್ಟಣಗಳಲ್ಲಿದೆ. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಚಾರ್ಮಾಡಿ, ಶಿರಾಡಿ, ಆಗುಂಬೆಗಳ ಘಟ್ಟದ ದಾರಿಯಲ್ಲಿ ಮಳೆಗಾಲದ ಮಂಜು ಮುಸುಕಿದಾಗ, ಎದುರಿನ ತಿರುವಿನಾಚೆಯಿಂದ ಬರುವವನಿಗೆ ನಾವಿದ್ದೇವೆಂಬದನ್ನು ತಿಳಿಸಲು ಹಾರ್ನಿನಷ್ಟು ಪ್ರಯೋಜನಕಾರಿಯಾದ ಸಾಧನ ಬೇರೆ ಇಲ್ಲ. ಅಲ್ಲಿ ಅದನ್ನು ಬಾರಿಸದಿರುವವನೇ ತಪ್ಪಿತಸ್ಥನು. ಕಾಯದೆಯೂ ಈ ಮಾತನ್ನು ಒಪ್ಪುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯ ನಿಯಮವು, ಪ್ರತಿಯೊಂದು ಮೋಟಾರು ವಾಹನಕ್ಕೂ ಸಾಕಷ್ಟು ಕೇಳಿಸುವಂಥ ಎಚ್ಚರಿಕೆಯನ್ನು ಕೊಡಬಲ್ಲ ಹಾರ್ನು ಇರಲೇಬೇಕೆಂದು ವಿಧಿಸುತ್ತದೆ. ಅದೇ ನಿಯಮವು ಮುಂದುವರಿದು, ಒಂದರ ಹಿಂದೊಂದು ಬೇರೆಬೇರೆ ಸ್ವರಗಳನ್ನು ಹೊರಡಿಸುವ ಹಾರ್ನುಗಳನ್ನೂ, ಅತಿ ಕರ್ಕಶವಾದ, ಕಿವಿ ಕೊರೆಯುವ, ಬೆಚ್ಚಿಬೀಳಿಸುವ ಸದ್ದಿನ ಯಾವದೇ ಸಾಧನವನ್ನೂ ನಿಷೇಧಿಸುತ್ತದೆ. ರೋಗಿಗಳನ್ನು ಒಯ್ಯುವ ಗಾಡಿ, ಬೆಂಕಿ ಆರಿಸುವ ಗಾಡಿ ಮೊದಲಾದವುಗಳಿಗಷ್ಟೇ ಅದರಲ್ಲಿ ವಿನಾಯಿತಿ. ಕೇಳಿಸುವಷ್ಟು ಇರಲಿ, ಬೆಚ್ಚಿಸುವಷ್ಟು ಬೇಡ ಎಂಬದೇ ಈ ನಿಯಮದ ತಾತ್ಪರ್ಯವು.

ಹಾಗಾದರೆ ಮಾಸ್ತರರು ಮಾಡತಕ್ಕದ್ದೇನು? ಈ ಪ್ರಶ್ನೆಗೆ ನಾವು ಮೊದಲು ಮಿಸ್ತ್ರಿಯ ಭಾಷೆಯಲ್ಲಿಯೇ ಉತ್ತರ ಕೊಡುವೆವು.

ಕಾರಿನ ಹಾರ್ನೆಂದರೆ ಒಂದು ತೆಳುವಾದ ಉಕ್ಕಿನ ಪೊರೆ. ಅದರ ಹಿಂದೆ ತಂತಿ ಸುತ್ತಿದ ಒಂದು ವಿದ್ಯುದಯಸ್ಕಾಂತ. ಗುಂಡಿ ಒತ್ತಿದೊಡನೆ ಅಯಸ್ಕಾಂತವು ಪೊರೆಯನ್ನು ಎಳೆಯುತ್ತದೆ. ಎಳೆದೊಡನೆ ಸಂಪರ್ಕ ಕಡಿದು ಪೊರೆಯು ಹಿಂದಕ್ಕೆ ಚಿಮ್ಮುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾಗುವದರಿಂದ ಸದ್ದು ಹುಟ್ಟುತ್ತದೆ. ಕಡಿಮೆ ಬೆಲೆಯ ಅನೇಕ ಸಣ್ಣ ಕಾರುಗಳಿಗೆ ತಟ್ಟೆಯಾಕಾರದ ಒಂದೇ ಹಾರ್ನನ್ನು ಹಾಕಿ ಕಳಿಸಿರುತ್ತಾರೆ. ಅದು ಮುಂಭಾಗದ ಜಾಲರಿಯ ಹಿಂದೆ ಕುಳಿತು ಧೂಳು, ಕೆಸರು, ಮಳೆನೀರುಗಳನ್ನೆಲ್ಲ ಉಂಡು ಎರಡು ವರುಷಗಳಲ್ಲಿ ದನಿ ಕುಗ್ಗಿಸಿಕೊಳ್ಳುವದುಂಟು. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸತಕ್ಕದ್ದು. ಅದರ ಭೂಸಂಪರ್ಕದ ತಂತಿಗೆ ತುಕ್ಕು ಹಿಡಿದಿದೆಯೋ, ಬ್ಯಾಟರಿಯ ತುದಿಗಳು ಸಡಿಲಾಗಿವೆಯೋ ಎಂಬದನ್ನು ನೋಡಿದರೆ ಎಷ್ಟೋ ಸಲ ಕರುವಿನ ಕೂಗು ಎತ್ತಿನ ಕೂಗಾಗಿ ಬಿಡುತ್ತದೆ. ಅದಕ್ಕೆ ತಗಲುವ ಖರ್ಚು ಒಂದು ಉಪ್ಪುಕಾಗದದ ತುಂಡಿನಷ್ಟು.

ಅದರಿಂದಲೂ ಸಾಲದಿದ್ದರೆ, ಶಂಖದಾಕಾರದ ಎರಡು ಹಾರ್ನುಗಳ ಜೋಡಿಯನ್ನು ಹಾಕಿಸಬಹುದು. ಅವುಗಳಲ್ಲಿ ಒಂದು ಮಂದ್ರ, ಒಂದು ತಾರ. ಸುಮಾರಾಗಿ ಒಂದು ಸೆಕೆಂಡಿಗೆ 400 ಮತ್ತು 500 ಕಂಪನಗಳ ಸ್ವರಗಳು ಒಟ್ಟಿಗೆ ಹೊರಡುವದರಿಂದ ಸದ್ದು ತುಂಬಿ ಬರುತ್ತದೆ, ಚುಚ್ಚುವದಿಲ್ಲ. ಮಾನಕ ಸಂಸ್ಥೆಯ ಗುರುತುಳ್ಳ ಇಂಥ ಜೋಡಿಗಳು ಕೊಯಿಮತ್ತೂರು ಮೊದಲಾದ ನಮ್ಮ ಊರುಗಳಲ್ಲಿಯೇ ತಯಾರಾಗುತ್ತವೆ. ಅವುಗಳನ್ನು ಹಾಕಿಸುವದು ತಪ್ಪಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಜೋಡಿ ಹಾರ್ನುಗಳು ಹತ್ತು ಆಂಪಿಯರಿನ ಸಮೀಪದವರೆಗೂ ವಿದ್ಯುತ್ತನ್ನು ಎಳೆಯಬಲ್ಲವು. ಒಂದೇ ಹಾರ್ನಿಗಾಗಿ ಹಾಕಿದ ತೆಳು ತಂತಿಗೆ ಇವುಗಳನ್ನು ಗಂಟು ಹಾಕಿದರೆ ತಂತಿ ಕಾಯ್ದು, ಅದರ ಹೊದಿಕೆ ಕರಗಿ, ಬೆಂಕಿ ಹತ್ತುವ ಸಂಭವವಿದೆ. ಗುಂಡಿಯ ತಂತಿಯು ರಿಲೇಯನ್ನು ಮಾತ್ರ ನಡೆಸಬೇಕು. ಹಾರ್ನುಗಳಿಗೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ದಪ್ಪ ತಂತಿಯ ಮೂಲಕ, ನಡುವೆ ಸರಿಯಾದ ಫ್ಯೂಜನ್ನು ಹಾದು, ಬೇರೆಯಾಗಿ ಬರಬೇಕು. ರಿಲೇ ಬೇಡವೆನ್ನುವ ಮಿಸ್ತ್ರಿಯ ಬಳಿ ಗಾಡಿಯನ್ನು ಬಿಡದಿರುವದೇ ಲೇಸು. ಕಂಪನಿಯ ತಂತಿಗಳನ್ನು ಕತ್ತರಿಸಿದರೆ ವಾರಂಟಿಗೂ ಧಕ್ಕೆ ಬರಬಹುದೆಂಬದನ್ನು ಮರೆಯಬಾರದು.

ಆದರೆ ಆನೆಯನ್ನು ಓಡಿಸುವ ಪ್ರೆಶರ್ ಹಾರ್ನು? ಅದಕ್ಕೆ ನಮ್ಮ ಉತ್ತರ ಬೇಡವೆಂದೇ. ಅದು ನಿಯಮಬಾಹಿರವೆಂಬದು ಒಂದು ಕಾರಣ. ಅದು ಮಾಸ್ತರರ ಮಗಳನ್ನು ಕಾಯುವದಿಲ್ಲವೆಂಬದು ಅದಕ್ಕಿಂತ ದೊಡ್ಡ ಕಾರಣ.

ಸದ್ದಿನ ಲೆಕ್ಕವು ಹಣದ ಲೆಕ್ಕದಂತಲ್ಲ. ಒಂದೇ ಬಲದ ಎರಡು ಹಾರ್ನುಗಳನ್ನು ಕೂಡಿ ಊದಿದರೆ ಸದ್ದು ಇಮ್ಮಡಿಯಾಗಿ ಕೇಳಿಸುವದಿಲ್ಲ. ಮೂರು ಡೆಸಿಬೆಲ್ ಮಾತ್ರ ಏರುತ್ತದೆ. ನಮ್ಮ ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಡೆಸಿಬೆಲ್ ಏರಬೇಕು; ಅಂದರೆ ಸದ್ದಿನ ಶಕ್ತಿಯು ಹತ್ತು ಪಟ್ಟಾಗಬೇಕು. ಇತ್ತ ಬಯಲಿನಲ್ಲಿ ದೂರವು ಎರಡು ಪಟ್ಟಾದಂತೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಆ ಲಾರಿಯ ಚಾಲಕನ ಸ್ಥಿತಿಯನ್ನೂ ನೋಡಿರಿ: ಕಾಲ ಬಳಿ ಗುಡುಗುವ ಇಂಜಿನು, ಕಿವಿಯ ಬಳಿ ಹಾಡುವ ಪೆಟ್ಟಿಗೆ, ಏರಿಸಿದ ಗಾಜು. ಇವೆಲ್ಲವನ್ನೂ ದಾಟಿ ಅವನನ್ನು ಎಚ್ಚರಿಸುವಷ್ಟು ಸದ್ದು ಮಾಡಬೇಕಾದರೆ, ರಸ್ತೆಯ ಅಂಚಿನಲ್ಲಿ ಗಾಜಿಲ್ಲದೆ, ಬಾಗಿಲಿಲ್ಲದೆ ನಿಂತವರ ಕಿವಿಯ ಗತಿ ಏನಾದೀತು? ಯಾರಿಗೆ ಕೇಳಬೇಕೋ ಅವರಿಗೆ ಸ್ವಲ್ಪವೇ ಕೇಳಿಸಿ, ಯಾರಿಗೆ ಕೇಳಬಾರದೋ ಅವರನ್ನು ಪೂರ್ತಿ ಬಡಿಯುವ ಆಯುಧವಿದು.

ಕಾಲದ ಲೆಕ್ಕವನ್ನೂ ಮಾಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊರಟ ಗಾಡಿಯು ಒಂದು ಸೆಕೆಂಡಿನಲ್ಲಿ ಹದಿನೇಳು ಮೀಟರುಗಳಷ್ಟು ಸಾಗುತ್ತದೆ. ಎದುರುಬದುರಾಗಿ ಅದೇ ವೇಗದಲ್ಲಿ ಬರುವ ಎರಡು ಗಾಡಿಗಳ ನಡುವಿನ ಅಂತರವು ಒಂದು ಸೆಕೆಂಡಿಗೆ ಮೂವತ್ತಮೂರು ಮೀಟರುಗಳಷ್ಟು ಕರಗುತ್ತದೆ. ಆ ಕ್ಷಣದಲ್ಲಿ ಹಾರ್ನಿನ ಗುಂಡಿಯನ್ನು ಒತ್ತಿ, ಎದುರಿನವನು ಕೇಳಿ, ತಿಳಿದು, ಸರಿಯುವನೆಂದು ಕಾಯುವವನು ತನ್ನ ಪ್ರಾಣವನ್ನು ಪರರ ಕಿವಿಯಲ್ಲಿ ಅಡವಿಟ್ಟವನು. ಬ್ರೇಕು ತನ್ನ ಕಾಲಡಿಯಲ್ಲಿರುತ್ತದೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಅಂದು ಮಾಸ್ತರರನ್ನು ಉಳಿಸಿದ್ದೂ ಅವರ ಹಾರ್ನಲ್ಲ; ಬ್ರೇಕು ಮತ್ತು ಮಣ್ಣಿನ ಅಂಚು. ದೊಡ್ಡ ಹಾರ್ನು ಬಂದ ಮೇಲೆ ಕೈ ಗುಂಡಿಯ ಕಡೆಗೆ ಮೊದಲು ಹೋಗಿ ಕಾಲು ಬ್ರೇಕಿನ ಕಡೆಗೆ ಆಮೇಲೆ ಹೋಗುವ ರೂಢಿ ಬೀಳುವದೆಂಬದೇ ನಮ್ಮ ಭಯ. ದಾರಿ ಬಿಟ್ಟೇ ಬಿಡುವರೆಂಬ ಭ್ರಾಂತಿಯಲ್ಲಿ ವೇಗವೂ ಹೆಚ್ಚುವದು.

ನಮ್ಮ ಭಾಗದವರಿಗೆ ಇದರ ಪಾಠವನ್ನು ದೂರದಿಂದ ತರಬೇಕಾಗಿಲ್ಲ. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ಗಾಡಿಗೆ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಇಟಿಗಟ್ಟಿಯ ಬಳಿ ಟಿಪ್ಪರು ಬಡಿದು ಹತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ವೇಗದ ಹೆದ್ದಾರಿಯ ನಡುವೆ ಆ ತುಂಡು ಮಾತ್ರ ಆಗ ಎರಡೇ ಸಾಲುಗಳ ರಸ್ತೆಯಾಗಿ ಉಳಿದಿತ್ತು. ಹೋಗುವವರನ್ನೂ ಬರುವವರನ್ನೂ ಬೇರ್ಪಡಿಸಲು ನಡುವೆ ಏನೂ ಇರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಅಗಲವಾದ ರಸ್ತೆ, ನಡುವಣ ತಡೆಗೋಡೆ, ದೊಡ್ಡ ಗಾಡಿಗಳ ವೇಗಕ್ಕೆ ಅಂಕೆ. ಜಗತ್ತಿನ ಅತಿ ದೊಡ್ಡ ಹಾರ್ನು ಕೂಡ ಅವುಗಳ ಕೆಲಸವನ್ನು ಮಾಡಲಾರದು.

ಇನ್ನು ಇದರ ಸುಂಕವನ್ನು ಕೊಡುವವರು ಯಾರೆಂಬದನ್ನು ನೋಡೋಣ. ಮನುಷ್ಯನ ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಸುಮಾರು ಹದಿನೈದು ಸಾವಿರದಷ್ಟಿವೆ. ಚರ್ಮ ಕಿತ್ತರೆ ಬೆಳೆಯುತ್ತದೆ, ಎಲುಬು ಮುರಿದರೆ ಕೂಡುತ್ತದೆ; ಈ ಕೋಶಗಳು ಸತ್ತರೆ ಮರಳಿ ಹುಟ್ಟುವದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸುಗಳಿಗಿಂತ ಹೆಚ್ಚು ಇರಬಾರದೆಂದೂ, ಮೇಲೆ ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿಯನ್ನು ಅರ್ಧಕ್ಕಿಳಿಸಬೇಕೆಂದೂ ತಜ್ಞರು ಲೆಕ್ಕ ಹಾಕಿರುವರು. ಆ ಲೆಕ್ಕದಲ್ಲಿ 100 ಡೆಸಿಬೆಲ್ ಸದ್ದಿಗೆ ಸಿಕ್ಕುವ ಅವಕಾಶ ಹದಿನೈದು ಮಿನಿಟುಗಳು ಮಾತ್ರ. ಚೌಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವ ಪೋಲೀಸ ಶಿಪಾಯಿ, ರಸ್ತೆಯ ಬದಿಗೆ ಗಿರಮಿಟ್ಟು ಮಾರುವವನು, ಆಟೋ ನಡೆಸುವವನು, ಇವರು ಈ ಹದಿನೈದು ಮಿನಿಟುಗಳನ್ನು ದಿನಕ್ಕೆ ಎಷ್ಟು ಸಲ ಮುಗಿಸುತ್ತಾರೆಂಬದನ್ನು ಯಾರು ಎಣಿಸಿದ್ದಾರೆ? ಮೊದಲು ಊರಿಗೆಲ್ಲ ಗಿರಣಿಯ ಭೋಂಗಾ ಒಂದಿರುತ್ತಿತ್ತು. ಅದು ಹೊತ್ತು ಹೊತ್ತಿಗೆ ಕೂಗಿ ಸುಮ್ಮನಾಗುತ್ತಿತ್ತು. ಇಂದು ಪ್ರತಿಯೊಬ್ಬನ ಹೆಬ್ಬೆರಳಿನ ಕೆಳಗೂ ಒಂದು ಭೋಂಗಾ ಇದೆ, ಹೊತ್ತಿಲ್ಲ ಗೊತ್ತಿಲ್ಲ.

ಸದ್ದಿನ ವ್ಯಾಪಾರಕ್ಕೆ ಒಂದು ಇತಿಹಾಸವೂ ಉಂಟು. ಕಿವಿ ಕೊರೆಯುವ ವಿದ್ಯುತ್ ಹಾರ್ನುಗಳ ಮೂಲಪುರುಷನೆನ್ನಬಹುದಾದ 'ಕ್ಲಾಕ್ಸನ್' 1908ರಲ್ಲಿ ಅಮೇರಿಕೆಯ ಪೇಟೆಗೆ ಬಂದಿತು. ಅದನ್ನು ಕಂಡುಹಿಡಿದ ಮಿಲರ್ ರೀಸ್ ಹಚಿಸನ್ ಎಂಬವನೇ ಅದಕ್ಕಿಂತ ಮೊದಲು ಕಿವುಡರಿಗಾಗಿ ವಿದ್ಯುತ್ತಿನ ಶ್ರವಣಯಂತ್ರವನ್ನೂ ನಿರ್ಮಿಸಿದ್ದನು. ಜನರನ್ನು ಕಿವುಡಾಗಿಸಿ ತನ್ನ ಮೊದಲಿನ ಯಂತ್ರಕ್ಕೆ ಗಿರಾಕಿಗಳನ್ನು ಒದಗಿಸಿಕೊಳ್ಳುವದಕ್ಕಾಗಿಯೇ ಎರಡನೆಯದನ್ನು ಮಾಡಿದನೆಂದು ಆ ಕಾಲದವರು ನಗೆಯಾಡುತ್ತಿದ್ದರಂತೆ. ನಗೆಮಾತಾದರೂ ನಮ್ಮ ಚೌಕಗಳಲ್ಲಿ ನಿಂತು ನೋಡಿದವರಿಗೆ ಅದರಲ್ಲಿ ನಗಲು ಹೆಚ್ಚೇನೂ ಉಳಿದಿಲ್ಲ.

ಕಾಯದೆಗಳ ಕೊರತೆ ನಮ್ಮಲ್ಲಿಲ್ಲ. 2000ದ ಧ್ವನಿಮಾಲಿನ್ಯ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯನ್ನು ಹಾಕಿವೆ. ದವಾಖಾನೆ, ವಿದ್ಯಾಲಯ, ನ್ಯಾಯಾಲಯಗಳ ಸುತ್ತ ನೂರು ಮೀಟರುಗಳ ನಿಶ್ಶಬ್ದ ವಲಯದಲ್ಲಿ ಈ ಮಿತಿಯು ಹಗಲು 50, ರಾತ್ರಿ 40. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಸದ್ದಿನಿಂದ ಮುಕ್ತವಾದ ಬಾಳು ಸಂವಿಧಾನದ 21ನೆಯ ಪರಿಚ್ಛೇದವು ಕೊಟ್ಟ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿಯ ಪ್ರದೇಶದಲ್ಲಿ ಅಸಾಧಾರಣ ಪ್ರಸಂಗಗಳ ಹೊರತು ಹಾರ್ನು ಕೂಡದೆಂದು ಅಪ್ಪಣೆ ಮಾಡಿತು. 2010ರಲ್ಲಿ ಅದು ನಿಯಮದ ರೂಪವನ್ನೂ ತಾಳಿತು. 2019ರಲ್ಲಿ ಮೋಟಾರು ವಾಹನ ಕಾಯದೆಗೆ ತಿದ್ದುಪಡಿಯಾಗಿ, ಅನಾವಶ್ಯಕವಾಗಿ ಹಾರ್ನು ಬಾರಿಸುವವನಿಗೆ ಮೊದಲ ಸಲ ಒಂದು ಸಾವಿರ, ಮತ್ತೆ ಮಾಡಿದರೆ ಎರಡು ಸಾವಿರ ರೂಪಾಯಿ ದಂಡವನ್ನು 194-ಎಫ್ ಕಲಮಿನಲ್ಲಿ ವಿಧಿಸಲಾಯಿತು. ಸದ್ದಿನ ಮಾನಕವನ್ನು ಮೀರಿದ ಗಾಡಿಯನ್ನು ನಡೆಸುವವನಿಗೆ 190ನೆಯ ಕಲಮಿನಂತೆ ಹತ್ತು ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಸೆರೆಮನೆ.

ಇಷ್ಟೆಲ್ಲ ಇದ್ದೂ ದವಾಖಾನೆಯ ಎದುರಿನ ನಿಶ್ಶಬ್ದ ಫಲಕದ ಕೆಳಗೇ ಹಾರ್ನುಗಳ ಮೇಳ ನಡೆದಿರುತ್ತದೆ. ಬರೆದ ಕಾಯದೆಗೂ ನಡೆಯುವ ಕಾಯದೆಗೂ ನಡುವೆ ಇಷ್ಟು ಅಂತರವಿದ್ದಾಗ, ಸಂಭಾವಿತನಾದ ನಾಗರಿಕನು ಏನು ಮಾಡಬೇಕು? 2017ರ ಮೇ ಒಂದರಿಂದ ಅಧಿಕಾರಿಗಳ ಗಾಡಿಗಳ ಮೇಲಿನ ಕೆಂಪು ದೀಪಗಳು ಇಳಿದವು. ದೊಡ್ಡವರ ಗುರುತು ಒಂದು ಕಡಿಮೆಯಾಯಿತೆಂದು ಜನರು ಸಂತೋಷಪಟ್ಟರು. ಕಣ್ಣಿಗೆ ಕಾಣುವ ಮೆರೆತವನ್ನು ಇಳಿಸಲು ಸಾಧ್ಯವಾದ ಸರಕಾರಕ್ಕೆ ಕಿವಿಗೆ ಬಡಿಯುವ ಮೆರೆತವನ್ನು ಇಳಿಸುವದು ಅಸಾಧ್ಯವೆಂದು ನಾವು ನಂಬುವದಿಲ್ಲ. ಮನಸ್ಸು ಬೇಕು, ಮತ್ತು ಆರಂಭವು ಮೇಲಿನಿಂದ ಆಗಬೇಕು. ಮಾಸ್ತರರ ಸಣ್ಣ ಕಾರನ್ನು ತಡೆದು ಪಾವತಿ ಹರಿಯುವದು ಸುಲಭ. ಹಿಂದೆ ಬರುವ ಲಾರಿಯನ್ನೂ ಬಸ್ಸನ್ನೂ ಬಿಟ್ಟುಕೊಟ್ಟು ಅವರೊಬ್ಬರನ್ನೇ ಹಿಡಿದರೆ ಅದು ನ್ಯಾಯವಾಗದು.

ಇಲ್ಲಿ ನಮ್ಮ ಮನೆಯ ಮಾತನ್ನೂ ಹೇಳದಿದ್ದರೆ ಪರೋಪದೇಶ ಪಾಂಡಿತ್ಯದ ದೋಷವು ನಮಗೆ ತಟ್ಟದಿರದು. ನಮ್ಮ ಪತ್ರಿಕೆಯ ಕಟ್ಟುಗಳನ್ನು ಹೊತ್ತ ಗಾಡಿಯು ಬೆಳಗಿನ ಜಾವ ಮೂರೂವರೆಗೆ ಅಚ್ಚುಕೂಟದಿಂದ ಹೊರಡುತ್ತದೆ. ಅದರ ಚಾಲಕನು ಕೆಲವು ಕಾಲದ ಹಿಂದೆ ಅದಕ್ಕೆ ಪ್ರೆಶರ್ ಹಾರ್ನು ಹಾಕಿಸಿದ್ದನು. ನಮಗೆ ಅದು ತಿಳಿಯದೆ ಇರಲಿಲ್ಲ. ಪತ್ರಿಕೆ ಹೊತ್ತಿಗೆ ಮುಟ್ಟುತ್ತದೆಯಲ್ಲಾ ಎಂದು ಸುಮ್ಮನಿದ್ದೆವು. ಒಂದು ದಿನ ಅದೇ ಓಣಿಯ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ಬಂದರು. ಅವರ ತಾಯಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ನಿದ್ದೆ ಬರುವದೇ ಬೆಳಗಿನ ಜಾವಕ್ಕೆ. ಅವರು ನಮ್ಮ ಮೇಲೆ ಸಿಟ್ಟಾಗಲಿಲ್ಲ, ದೂರನ್ನೂ ಕೊಡಲಿಲ್ಲ. "ತಮ್ಮ ಗಾಡಿ ಹೊರಡುವ ನಿಶ್ಚಿತ ವೇಳೆಯನ್ನು ತಿಳಿಸಿದರೆ ಅದಕ್ಕೂ ಮೊದಲು ಎದ್ದು ಕಿಟಕಿ ಮುಚ್ಚಿಬಿಡುತ್ತೇನೆ" ಎಂದಷ್ಟೇ ಕೇಳಿದರು. ಕಾಯದೆ, ನೀತಿಗಳ ವಿಷಯವಾಗಿ ಈ ಸ್ಥಳದಲ್ಲಿ ಎಷ್ಟೋ ವರುಷಗಳಿಂದ ಬರೆಯುತ್ತ ಬಂದ ನಮಗೆ ಅಂದು ಅವರ ಮುಖವನ್ನು ನೋಡುವದು ಕಷ್ಟವಾಯಿತು. ಅಂದೇ ಆ ಹಾರ್ನನ್ನು ಬಿಚ್ಚಿಸಿ, ಗಾಡಿಯೊಂದಿಗೆ ಬಂದಿದ್ದ ಮೂಲ ಹಾರ್ನನ್ನೇ ಮರಳಿ ಹಾಕಿಸಿದೆವು. ಆರು ಗಂಟೆಯವರೆಗೆ ಓಣಿಗಳಲ್ಲಿ ಅದನ್ನೂ ಮುಟ್ಟಕೂಡದೆಂದು ಚಾಲಕನಿಗೆ ಹೇಳಿದೆವು. ಅನಂತರ ಇಂದಿನವರೆಗೆ ಆ ಕಾರಣದಿಂದ ಪತ್ರಿಕೆಯು ಒಂದು ದಿನವೂ ತಡವಾಗಿಲ್ಲ. ಹಾಗಿದ್ದರೆ ಅಷ್ಟು ದಿನ ಆ ಸದ್ದು ಮಾಡಿದ ಕೆಲಸವಾದರೂ ಏನು? ಓಣಿಯ ಜನರ ನಿದ್ದೆ ಕೆಡಿಸಿದ್ದೊಂದೇ.

ಜನರ ಸ್ವಭಾವವೇ ಹೀಗೆ, ತಿದ್ದುವದು ಸಾಧ್ಯವಿಲ್ಲ ಎನ್ನುವವರು ಈಶಾನ್ಯದ ಮಿಜೋರಾಮಿನ ಕಡೆಗೆ ನೋಡಲಿ. ಅದರ ರಾಜಧಾನಿಯಾದ ಐಜ್ವಾಲವು ಬೆಟ್ಟದ ಮೇಲಿನ ಊರು. ರಸ್ತೆಗಳು ಇಕ್ಕಟ್ಟು, ಗಾಡಿಗಳ ಸಾಲು ಉದ್ದ. ಆದರೂ ಅಲ್ಲಿ ಗಾಡಿಗಳು ಒಂದರ ಹಿಂದೊಂದು ಸುಮ್ಮನೆ ನಿಂತು ಸರದಿಯಂತೆ ಸಾಗುತ್ತವೆ. ಹಾರ್ನು ಬಾರಿಸುವದನ್ನು ಅಲ್ಲಿಯವರು ಅಸಭ್ಯತೆಯೆಂದೇ ಎಣಿಸುತ್ತಾರೆ. ಅವರೂ ನಮ್ಮ ದೇಶಬಾಂಧವರೇ. ನಮ್ಮದೇ ಕಾಯದೆಗೆ ಒಳಪಟ್ಟವರೇ. ನೆರೆಯ ನೇಪಾಳದ ಕಾಠ್ಮಂಡುವಿನಲ್ಲಿ 2017ರ ಏಪ್ರಿಲಿನಲ್ಲಿ, ಅವರ ಹೊಸ ವರುಷದ ದಿನದಿಂದ, ಅನಾವಶ್ಯಕ ಹಾರ್ನನ್ನು ನಿಷೇಧಿಸಿದರು. ಮುಂಬಯಿಯ ಪೋಲೀಸರು ಕೆಲವು ಚೌಕಗಳಲ್ಲಿ ಸದ್ದಿನ ಮಾಪಕಗಳನ್ನು ಸಂಕೇತದೀಪಗಳಿಗೆ ಜೋಡಿಸಿ, ಸದ್ದು 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಅವಧಿಯು ಮೊದಲಿನಿಂದ ಪ್ರಾರಂಭವಾಗುವಂತೆ ಮಾಡಿ ನೋಡಿದರು. ಅದರ ಚಿತ್ರವನ್ನು 2020ರ ಜನವರಿಯಲ್ಲಿ ಪ್ರಕಟಿಸಿದಾಗ ದೇಶವೆಲ್ಲ ಅದನ್ನು ನೋಡಿತು. ಮಹಾರಾಷ್ಟ್ರದ ಸರಕಾರವು 2015ರಲ್ಲಿಯೇ, ಹಾರ್ನು ಬಾರಿಸಿರೆಂದು ಹಿಂದಿನವರನ್ನು ಬೇಡುವ ಬರಹವನ್ನು ಲಾರಿಗಳ ಬೆನ್ನಿನಿಂದ ಅಳಿಸಬೇಕೆಂದು ಆಜ್ಞೆ ಮಾಡಿತ್ತು. ಇವೆಲ್ಲ ಪೂರ್ಣ ಸಫಲವಾದವೆಂದು ನಾವು ಹೇಳುವದಿಲ್ಲ. ಮನಸ್ಸಿದ್ದಲ್ಲಿ ಪ್ರಯತ್ನಕ್ಕೆ ದಾರಿಗಳಿವೆಯೆಂದು ಮಾತ್ರ ಹೇಳುತ್ತೇವೆ.

ನಮ್ಮ ರಾಜ್ಯದ ಸಾರಿಗೆ ಇಲಾಖೆಯವರಲ್ಲಿಯೂ ಪೋಲೀಸರಲ್ಲಿಯೂ ನಮ್ಮ ವಿನಂತಿಗಳು ನಾಲ್ಕು. ಬಾಡಿಗೆಯ ದೊಡ್ಡ ಗಾಡಿಗಳು ಯೋಗ್ಯತಾಪತ್ರವನ್ನು ಹೊಸದು ಮಾಡಿಸಿಕೊಳ್ಳಲು ಬಂದಾಗ ಹಾರ್ನನ್ನು ಬಾರಿಸಿ, ಅಳೆದು ನೋಡಲಿ. ನಿಯಮಬಾಹಿರವಾದದ್ದನ್ನು ಅಲ್ಲಿಯೇ ಬಿಚ್ಚಿಸದೆ ಪತ್ರ ಕೊಡದಿರಲಿ. ಎರಡನೆಯದಾಗಿ, ಸರಕಾರದ ಮತ್ತು ಸಾರಿಗೆ ನಿಗಮಗಳ ಗಾಡಿಗಳಿಂದಲೇ ಈ ತಪಾಸಣೆ ಮೊದಲಾಗಲಿ. ಅವುಗಳ ಚಾಲಕರು ಸಂಭಾವಿತರಾದರೆ ಉಳಿದವರಿಗೆ ನಾಚಿಕೆಯಾದರೂ ಆದೀತು. ಮೂರನೆಯದಾಗಿ, ನಿಷಿದ್ಧವಾದ ಹಾರ್ನನ್ನು ಬಹಿರಂಗವಾಗಿ ತೂಗುಹಾಕಿ ಮಾರುವ ಅಂಗಡಿಯನ್ನು ಬಿಟ್ಟು ಅದನ್ನು ಕೊಂಡವನನ್ನು ಮಾತ್ರ ದಂಡಿಸುವ ಪದ್ಧತಿಯು ನಿಲ್ಲಲಿ. ನಾಲ್ಕನೆಯದಾಗಿ, ಲೈಸೆನ್ಸಿನ ಪರೀಕ್ಷೆಯಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವದನ್ನು ನೋಡುವಂತೆಯೇ, ಹಾರ್ನು ಎಲ್ಲಿ ಬಾರಿಸತಕ್ಕದ್ದು, ಎಲ್ಲಿ ಬಾರಿಸಬಾರದೆಂಬದನ್ನೂ ನೋಡಲಿ. ಇವುಗಳಲ್ಲಿ ಯಾವದಕ್ಕೂ ಹೊಸ ಕಾಯದೆ ಬೇಡ. ಇದ್ದ ಕಾಯದೆಯನ್ನು ಬೀದಿಗಿಳಿಸಿದರೆ ಸಾಕು.

ಇನ್ನು ನಮ್ಮ ಮಾಸ್ತರರಿಗೆ. ತಮ್ಮ ಗಾಡಿಗೆ ಒಳ್ಳೆಯ ಹಾರ್ನು ಇರಬೇಕೆಂಬದು ತಮ್ಮ ಹಕ್ಕು. ಅದನ್ನು ಮಾನಕದ ಜೋಡಿಯಿಂದ, ಸರಿಯಾದ ರಿಲೇಯೊಂದಿಗೆ, ಬೇಕಾದರೆ ಈ ವಾರವೇ ಪೂರೈಸಿಕೊಳ್ಳಿರಿ. ಲಾರಿಯನ್ನು ದಾಟುವ ಮೊದಲು ಅದರ ಕನ್ನಡಿಯಲ್ಲಿ ಚಾಲಕನ ಮುಖವು ತಮಗೆ ಕಾಣುತ್ತಿದೆಯೇ ನೋಡಿರಿ. ತಮಗೆ ಅವನು ಕಾಣದಿದ್ದರೆ ಅವನಿಗೂ ತಾವು ಕಾಣಿಸಿಲ್ಲ. ಹಗಲಾದರೂ ದೀಪವನ್ನು ಒಮ್ಮೆ ಮಿನುಗಿಸಿ, ಹಾರ್ನನ್ನು ಒಮ್ಮೆ ಬಾರಿಸಿ, ದಾರಿ ಸಿಕ್ಕರೆ ದಾಟಿರಿ, ಸಿಕ್ಕದಿದ್ದರೆ ಹಿಂದೆಯೇ ಬನ್ನಿರಿ. ಶಾಲೆಯ ಗಂಟೆ ಐದು ಮಿನಿಟು ತಡವಾಗಿ ಬಾರಿಸಿದರೆ ಜಗತ್ತು ಮುಳುಗದು.

ಆ ಪ್ರೆಶರ್ ಹಾರ್ನನ್ನು ಮಾತ್ರ ಅಂಗಡಿಯಲ್ಲಿಯೇ ಬಿಟ್ಟು ಬನ್ನಿರಿ. ತಾವು ದಿನಾಲು ಹಾದುಹೋಗುವ ಆ ದಾರಿಯ ಅಂಚಿನಲ್ಲಿಯೇ ತಮ್ಮ ವಿದ್ಯಾರ್ಥಿಗಳು ಚೀಲ ಹೊತ್ತು ನಡೆದುಬರುತ್ತಾರೆ. ಅವರ ಬೆನ್ನ ಹಿಂದೆ ಅದು ಒಮ್ಮೆ ಕೂಗಿದರೆ, ಬೆಚ್ಚಿದ ಮಗುವು ಯಾವ ಕಡೆಗೆ ಜಿಗಿದೀತೆಂಬದನ್ನು ಯಾರು ಬಲ್ಲರು?